ಭಾಳ: ಗಡಿಸೀಮೆಯ ಒಂದು ಶಬ್ದ

ಒಂದು ಕಾಲಕ್ಕೆ ಕಿರಿಯ ಮಿರಜ ಸಂಸ್ಥಾನದ ರಾಜಧಾನಿಯಾಗಿದ್ದ ಬುಧಗಾಂವದಿಂದ ಜತ್ತ, ಅಥಣಿಗಳ ಕಡೆಗೆ ಸಾಗಿದಂತೆ ಮರಾಠಿ ಮತ್ತು ಕನ್ನಡಗಳು ಒಂದೇ ಸಂತೆಯಲ್ಲಿ ಬೆರೆತು ಕೇಳಿಬರುವುದರಿಂದ, ಹೆಚ್ಚಳವನ್ನು ತಿಳಿಸುವ ಎರಡು ಕ್ರಿಯಾವಿಶೇಷಣಗಳು, ಎಂದರೆ ಕ್ರಿಯೆಯ ಅಥವಾ ಗುಣದ ಪ್ರಮಾಣವನ್ನು ಹೇಳುವ ಶಬ್ದಗಳು, ಅಲ್ಲಿ ಅಕ್ಕಪಕ್ಕದಲ್ಲೇ ಬಾಳುತ್ತಿವೆ: ಮರಾಠಿ ಆಡುಮಾತಿನ ‘ಲಯಿ’ ಮತ್ತು ಕನ್ನಡದ ‘ಭಾಳ’.

ಭಾಳದ ಮೂಲ ‘ದಟ್ಟವಾದ’, ‘ಹೇರಳವಾದ’ ಎಂಬ ಅರ್ಥದ ಸಂಸ್ಕೃತ ‘ಬಹಲ’. ಸಂಸ್ಕೃತದ ಲಕಾರವು ಕನ್ನಡದಲ್ಲಿ ಳಕಾರವಾಗುವುದನ್ನು 13ನೆಯ ಶತಮಾನದ ವೈಯಾಕರಣ ಕೇಶಿರಾಜನು ‘ಕ್ಷಳ’ವೆಂದು ಗುರುತಿಸಿದ್ದಾನೆ, ಹಾಗೆ ‘ಬಹಳ’ವಾದ ಶಬ್ದದ ನಡುವಿನ ಹಕಾರವು ಆಡುವವರ ಬಾಯಲ್ಲಿ ಕರಗಿ, ಅದರ ಉಸಿರು ಹಿಂದಿನ ಬಕಾರವನ್ನು ಸೇರಿ ಮಹಾಪ್ರಾಣವಾಗಿ, ಉಳಿದ ಸ್ವರವು ದೀರ್ಘವಾಗಿ ‘ಭಾಳ’ ಹುಟ್ಟಿತು. ಇದು ಕ್ರಮಬದ್ಧವಾದ ಧ್ವನಿಪರಿವರ್ತನೆಯೇ ಹೊರತು ಅಶುದ್ಧ ಉಚ್ಚಾರವಲ್ಲ. ಇಂಥ ಶಬ್ದಗಳು ಎಲ್ಲೆಡೆಯೂ ತಮ್ಮ ಮೂಲಾರ್ಥವನ್ನು ಬಿಟ್ಟು ಬರಿಯ ಪ್ರಮಾಣವನ್ನಷ್ಟೇ ಉಳಿಸಿಕೊಳ್ಳುತ್ತವೆ: ಮರಾಠಿಯ ‘ಫಾರ’ ವಿಸ್ತಾರವೆಂಬ ಅರ್ಥದ ‘ಸ್ಫಾರ’ದಿಂದ, ತೆಂಕಣ ಕನ್ನಡದ ‘ತುಂಬ’ ತುಂಬು ಎಂಬ ಕ್ರಿಯಾಪದದಿಂದ, ಸ್ಕಾಟ್ಸ್ ನುಡಿಯ ‘ಗೈ’ ಉಲ್ಲಾಸವೆಂಬ ಅರ್ಥದ ಶಬ್ದದಿಂದ ಬಂದಿವೆ. ಹಳಗನ್ನಡದಲ್ಲಿ ಇದೇ ಕೆಲಸ ಮಾಡುತ್ತಿದ್ದ ‘ಕರಂ’ ಮಾತಿನಿಂದ ಪೂರ್ತಿ ಮರೆಯಾಗಿದೆ.

ಭಾಳದ ನಿಜವಾದ ಸಂಪತ್ತು ಬಳಕೆಯಲ್ಲಿದೆ. ‘ಭಾಳ ಛಲೋ ಆತು’ ಎಂಬಲ್ಲಿ ಗುಣವನ್ನೂ ‘ಭಾಳ ಮಂದಿ ಬಂದಾರ’ ಎಂಬಲ್ಲಿ ಸಂಖ್ಯೆಯನ್ನೂ ಹೆಚ್ಚಿಸುವ ಈ ಶಬ್ದವು, ‘ನಿಂದು ಭಾಳ ಆತು’ ಎಂದಾಗ ಮಿತಿ ಮೀರಿದವನಿಗೆ ಎಚ್ಚರಿಕೆಯಾಗುತ್ತದೆ. ‘ಭಾಳಂದ್ರ ಎರಡ ದಿನ’ ಎಂದಾಗಲಂತೂ ಹೆಚ್ಚಳದ ಶಬ್ದವೇ ಮೇಲಿನ ಮಿತಿಯನ್ನು ಗೊತ್ತುಪಡಿಸುತ್ತದೆ. ‘ಭಾಳ ಶ್ಯಾಣ್ಯಾ ಅದಿ’ ಎಂಬ ಮಾತು ಮಗುವಿಗೆ ಮೆಚ್ಚುಗೆ, ವಾದಕ್ಕೆ ನಿಂತ ದೊಡ್ಡವನಿಗೆ ಮೂದಲಿಕೆ. ಮರಾಠಿಯ ‘ಲಯಿ ಶಾಣಾ’ ಕೂಡ ಹೀಗೆಯೇ ಎರಡು ಅಲಗಿನದು. ಇಲ್ಲಿ ಗುಣವಾಚಕವು ಎರಡೂ ನುಡಿಗಳ ಸಮಾನ ಸೊತ್ತಾಗಿದ್ದರೂ ಅದಕ್ಕೆ ಬಲ ಕೊಡುವ ಶಬ್ದವನ್ನು ಪ್ರತಿಯೊಂದು ನುಡಿಯೂ ತನ್ನದಾಗಿಯೇ ಇರಿಸಿಕೊಂಡಿರುವುದು ಗಮನಾರ್ಹವಾಗಿದ್ದು, ಮರಾಠಿಯಿಂದ ನೂರಾರು ಶಬ್ದಗಳನ್ನು ಧಾರಾಳವಾಗಿ ಪಡೆದ ಗಡಿಗನ್ನಡದ ಒಳಗಟ್ಟು ಎಷ್ಟು ಭದ್ರವಾಗಿದೆಯೆಂಬುದಕ್ಕೆ ಇದು ಸಾಕ್ಷಿಯಾಗಿದೆ.

ಬರೆಹದಲ್ಲಿ ‘ಬಹಳ’ ನಿಲ್ಲಲಿ; ಆದರೆ ಜತ್ತ ತಾಲೂಕಿನ ಕನ್ನಡ ಶಾಲೆಯ ಮಗು ‘ಭಾಳ’ ಎಂದಾಗ ಶಿಕ್ಷಕರು ಅದನ್ನು ತಪ್ಪೆಂದು ತಿದ್ದಬಾರದು, ನಿಘಂಟುಕಾರರು ‘ಭಾಳಂದ್ರ’, ‘ಭಾಳ ಆತು’ ಮುಂತಾದ ಪ್ರಯೋಗಗಳನ್ನು ಅವುಗಳ ಅರ್ಥಸಹಿತ ದಾಖಲಿಸಬೇಕು.