ಆಫ್ರಿಕಕ್ಕೂ ಮೊದಲು ಮೈಸೂರು

ಯುರೋಪಿನ ದೇಶಗಳು ಆಫ್ರಿಕವನ್ನು ಹಂಚಿಕೊಂಡ ಕಥೆಯನ್ನು ಇತಿಹಾಸಕಾರರು ಬಹುಮಟ್ಟಿಗೆ 1884–85ರ ಬರ್ಲಿನ್ ಸಮ್ಮೇಳನದಿಂದ ಆರಂಭಿಸುತ್ತಾರೆ. ಆ ಸಭೆಯಲ್ಲಿ ಆಫ್ರಿಕದ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಆದರೆ ಆಫ್ರಿಕದಲ್ಲಿ ಬ್ರಿಟಿಷರು ಬಳಸಿದ ಹತ್ಯಾರುಗಳಲ್ಲಿ ಹಲವು ಅದಕ್ಕೆ ಎಂಬತ್ತೈದು ವರ್ಷ ಮೊದಲೇ ಕಾವೇರಿ ದಡದಲ್ಲಿ ಪಳಗಿದ್ದವು. ಮೈಸೂರಿನ ಸರ್ಕಾರಿ ಅತಿಥಿ ಗೃಹ ಹಿಂದೆ ಬ್ರಿಟಿಷ್ ರೆಸಿಡೆಂಟರ ನಿವಾಸವಾಗಿತ್ತು. ಅರಮನೆಯಲ್ಲಿ ದೊರೆ, ಈ ನಿವಾಸದಲ್ಲಿ ಅವನ ಮೇಲೆ ಕಣ್ಣಿಟ್ಟ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ.

ಬ್ರಿಟಿಷರನ್ನು ಮೈಸೂರಿಗೆ ತಂದ ಮೊದಲ ಕಾರಣ ಪ್ರತಿಸ್ಪರ್ಧಿಯ ಭಯ. ಟಿಪ್ಪು ಫ್ರೆಂಚರ ನೆರವು ಕೇಳಿದ್ದನ್ನು ಮಾರಿಷಸ್‌ನ ಗವರ್ನರ್ ಮಲಾರ್ತಿಕ್ 1798ರ ಜನವರಿಯಲ್ಲಿ ಡಂಗುರ ಸಾರಿದಂತೆ ಪ್ರಕಟಿಸಿಬಿಟ್ಟ. ನೆರವಿಗೆ ಬಂದವರು ನೂರರ ಆಸುಪಾಸು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧ ಹೂಡಲು ಅಷ್ಟೇ ಸಾಕಾಯಿತು. ಸರಿಯಾಗಿ ನೂರು ವರ್ಷದ ನಂತರ ನೈಲ್ ದಡದ ಫಶೋಡಾದಲ್ಲಿ ಅದೇ ಬ್ರಿಟನ್ ಮತ್ತು ಫ್ರಾನ್ಸ್ ಎದುರುಬದುರು ನಿಂತವು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಸುಮಾರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು. ಜುಲೈ 8ರ ಸಹಾಯಕ ಸೈನ್ಯ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಾಹ, ಎಂದರೆ ಸುಮಾರು 24.5 ಲಕ್ಷ ರೂಪಾಯಿ ಕೊಡಬೇಕಿತ್ತು. ಹಣ ತಪ್ಪೀತೆಂಬ ಶಂಕೆ ಬಂದರೆ ಬೇಕಾದಷ್ಟು ಭಾಗವನ್ನು ಕಂಪನಿ ತನ್ನ ಆಡಳಿತಕ್ಕೆ ತೆಗೆದುಕೊಳ್ಳಬಹುದೆಂಬ ಷರತ್ತೂ ಅದರಲ್ಲಿತ್ತು. ಇಡೀ ಒಪ್ಪಂದದ ಕುಣಿಕೆ ಇದೇ.

ದಿವಾನ್ ಪೂರ್ಣಯ್ಯನವರ ಬಿಗಿ ಹಿಡಿತ ಹೋದ ಮೇಲೆ ಕಂದಾಯವನ್ನು ಗುತ್ತಿಗೆಯ ಷರತ್ತಿನ ಮೇಲೆ ವಸೂಲಿ ಮಾಡುವ ಪದ್ಧತಿ ರೈತರನ್ನು ಹಿಂಡಿತು. 1830–31ರಲ್ಲಿ ನಗರ ಪ್ರಾಂತ್ಯದ ರೈತರು ದಂಗೆಯೆದ್ದರು. ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಒಂದು ಭಾಗವನ್ನಲ್ಲ, ಇಡೀ ರಾಜ್ಯದ ಆಡಳಿತವನ್ನೇ ವಶಕ್ಕೆ ತೆಗೆದುಕೊಂಡ. ಒಪ್ಪಂದದ ಮಾತನ್ನು ಅವನು ಮೀರಿದ್ದ; 1834ರಲ್ಲಿ ರಾಜ್ಯದ ಹೆಚ್ಚಿನ ಭಾಗವನ್ನು ಮರಳಿಸಲು ಅವನೇ ಸೂಚಿಸಿದರೂ ಲಂಡನ್ ಒಪ್ಪಲಿಲ್ಲ. ದೊರೆಯ ಕೆಟ್ಟ ಆಡಳಿತ ಸುಳ್ಳೇನಲ್ಲ. ಆದರೆ ವರ್ಷ ತಪ್ಪದೆ ಕೊಡಬೇಕಾಗಿದ್ದ ಕಪ್ಪದ ಭಾರವನ್ನು ಬಿಟ್ಟು ಆ ದಂಗೆಯನ್ನು ವಿವರಿಸಲಾಗದು.

ಈಜಿಪ್ಟಿನಲ್ಲೂ ದಾರಿ ಮಾಡಿಕೊಟ್ಟದ್ದು ಹಣವೇ. ಸಾಲದಲ್ಲಿ ಮುಳುಗಿದ ಅಲ್ಲಿನ ದೊರೆ ಇಸ್ಮಾಯಿಲ್ 1875ರಲ್ಲಿ ಸೂಯೆಜ್ ಕಾಲುವೆಯ ಪಾಲನ್ನು ಬ್ರಿಟನ್ನಿಗೆ ಸುಮಾರು 40 ಲಕ್ಷ ಪೌಂಡಿಗೆ ಮಾರಿದ. ಮರುವರ್ಷ ದೇಶ ದಿವಾಳಿಯಾಯಿತು. 1882ರಲ್ಲಿ ಬ್ರಿಟಿಷ್ ಸೇನೆ ಬಂತು, ಜೊತೆಗೆ ಭಾರತದ ಸಿಪಾಯಿಗಳೂ. ಕಲ್ಕತ್ತೆಯಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ಎವೆಲಿನ್ ಬೇರಿಂಗ್ 1883ರಲ್ಲಿ ಕೈರೋಗೆ ಹೋಗಿ, ಕೇವಲ ಕಾನ್ಸುಲ್ ಜನರಲ್ ಎಂಬ ಹೆಸರಿನಲ್ಲಿ 1907ರವರೆಗೆ ಈಜಿಪ್ಟನ್ನು ನಡೆಸಿದ. ನೈಜೀರಿಯಾದಲ್ಲಿ ಎಮಿರರನ್ನು ಗದ್ದುಗೆಯ ಮೇಲಿಟ್ಟೇ ಆಳಿದ ಬ್ರಿಟಿಷ್ ಅಧಿಕಾರಿ ಲುಗಾರ್ಡ್ ಹುಟ್ಟಿದ್ದು ಮದರಾಸಿನಲ್ಲಿ!

ಆಫ್ರಿಕದ ದಕ್ಷಿಣ ಭಾಗದ ಕಡೆ ಇಷ್ಟು ನಾಜೂಕೂ ಇರಲಿಲ್ಲ. ತಿಂಗಳಿಗೆ 100 ಪೌಂಡ್ ಮತ್ತು 1000 ಬಂದೂಕುಗಳ ಮಾತಿಗೆ ಅಲ್ಲಿನ ದೊರೆ ಲೊಬೆಂಗುಲ 1888ರಲ್ಲಿ ಖನಿಜದ ಹಕ್ಕು ಬರೆದುಕೊಟ್ಟ. ಐದೇ ವರ್ಷದಲ್ಲಿ ಬ್ರಿಟಿಷ್ ಉದ್ಯಮಿ ರೋಡ್ಸ್‌ನ ಕಂಪನಿಯ ಮ್ಯಾಕ್ಸಿಮ್ ಬಂದೂಕುಗಳು ಅವನ ರಾಜ್ಯವನ್ನೇ ಕಿತ್ತುಕೊಂಡವು.

ಮೈಸೂರಿಗೆ ಮಾತ್ರ 1881ರ ಮಾರ್ಚ್ 25ರಂದು ಒಡೆಯರ ಆಳ್ವಿಕೆ ಮರಳಿತು. ಹೊಸ ಒಪ್ಪಂದ ಕಪ್ಪವನ್ನು 35 ಲಕ್ಷ ರೂಪಾಯಿಗೆ ಏರಿಸಿತ್ತು. ಬರದ ಪೆಟ್ಟು ತಿಂದಿದ್ದ ರಾಜ್ಯ ಆ ಏರಿಕೆಯನ್ನು 1896ರಿಂದ ತೆರತೊಡಗಿತು.