ಮಾದರಿ ರೈಲಿನ ಮುಂಪಟ್ಟಿ: ಮರವನ್ನು ಪಳಗಿಸಿದ ಕಥೆ

ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಂದು ಮಾದರಿ ರೈಲುಮಾರ್ಗ ಮಾಡಬೇಕೆಂದು ನೀವು ಹೊರಟಿದ್ದೀರಿ ಎಂದುಕೊಳ್ಳೋಣ. ವಿಷಯಕ್ಕಾಗಿ ದೂರ ಹೋಗಬೇಕಿಲ್ಲ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರಗಳ ಮೂಲಕ ಬಂಗಾರಪೇಟೆಗೆ ಒಂದು ಪುಟ್ಟ ರೈಲು ಓಡುತ್ತಿತ್ತು. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ 1912-18ರ ಅವಧಿಯಲ್ಲಿ ಹಂತ ಹಂತವಾಗಿ ತೆರೆದ ಈ ಮಾರ್ಗದಲ್ಲಿ ಹಳಿಗಳ ನಡುವಿನ ಅಂತರ ಬರೀ 762 ಮಿ.ಮೀ. ಅತ್ತ ಗೌರಿಬಿದನೂರಿನಲ್ಲಿ 1890ರ ದಶಕದಿಂದಲೇ 1000 ಮಿ.ಮೀ. ಅಂತರದ ಮೀಟರ್‌ಗೇಜ್ ಹಳಿ ಇತ್ತು. ಈಗ ಎರಡೂ ಕಡೆ ಇರುವುದು 1676 ಮಿ.ಮೀ. ಬ್ರಾಡ್‌ಗೇಜ್. ಚಿಕ್ಕಬಳ್ಳಾಪುರ-ಕೋಲಾರ ಭಾಗ ಪರಿವರ್ತನೆಯಾಗಿ 2013ರಲ್ಲಿ ಮತ್ತೆ ತೆರೆಯಿತು. ಅಜ್ಜಂದಿರು ಹತ್ತಿದ ಆ ಪುಟ್ಟ ರೈಲನ್ನು ಇಂದಿನ ಮಕ್ಕಳು ಮಾದರಿಯಲ್ಲಷ್ಟೇ ಕಾಣಬಲ್ಲರು. ಆದ್ದರಿಂದ ಮಾದರಿ ಒಂದೇ ವರ್ಷಕ್ಕೆ ಸೊಟ್ಟಗಾಗಿ ಮೂಲೆ ಸೇರಬಾರದು.

1:87 ಪ್ರಮಾಣವನ್ನು ಆರಿಸಿಕೊಂಡರೆ 762 ಮಿ.ಮೀ. ಹಳಿ 8.8 ಮಿ.ಮೀ. ಆಗುತ್ತದೆ. ಮಾದರಿ ಅಂಗಡಿಗಳಲ್ಲಿ ಸಿಗುವ 9 ಮಿ.ಮೀ. ಹಳಿ ಇದಕ್ಕೆ ಸಾಕು. ಇದೇ ಪ್ರಮಾಣದಲ್ಲಿ ಮೀಟರ್‌ಗೇಜ್ 11.5 ಮಿ.ಮೀ., ಬ್ರಾಡ್‌ಗೇಜ್ 19.3 ಮಿ.ಮೀ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟರೆ ಅದೇ ಒಂದು ಇತಿಹಾಸಪಾಠ.

ಹಳಿ, ಎಂಜಿನ್, ನಿಲ್ದಾಣ ಎಲ್ಲ ಆದ ಮೇಲೆ ಉಳಿಯುವುದು ಮೇಜಿನ ಅಂಚು. ಅಲ್ಲಿ ಚೌಕಟ್ಟನ್ನೂ ತಂತಿಗಳನ್ನೂ ಮರೆಮಾಡಿ, ಸ್ವಿಚ್ಚುಗಳಿಗೆ ಆಸರೆಯಾಗಿ ನಿಲ್ಲುವ ಹಲಗೆಗೆ ಫೇಸಿಯಾ ಎನ್ನುತ್ತಾರೆ. ನಾವು ಮುಂಪಟ್ಟಿ ಎನ್ನೋಣ. ನೋಡುವವರು ಒರಗುವುದು, ಮುಟ್ಟುವುದು ಇದನ್ನೇ. ಇದನ್ನು ಯಾವುದರಿಂದ ಮಾಡಬೇಕು?

ಮೊದಲು ನೆನಪಾಗುವುದು ಹಲಗೆ. ಈ ಸೀಮೆಯಲ್ಲಿ ನೀಲಗಿರಿ ಮರಕ್ಕೆ ಬರವಿಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ಅದು ನಂದಿಬೆಟ್ಟದ ತೋಟಕ್ಕೆ ಬಂತೆಂದು ಹೇಳುತ್ತಾರೆ. ಅಂತರ್ಜಲದ ಚಿಂತೆಯಿಂದ ರಾಜ್ಯ ಸರ್ಕಾರ 2017ರಲ್ಲಿ ಅದರ ಹೊಸ ನೆಡುತೋಪುಗಳನ್ನು ನಿಷೇಧಿಸಿತು. ಆದರೆ ನೀಲಗಿರಿ ಹಲಗೆ ಒಣಗುವಾಗ ತಿರುಚಿಕೊಳ್ಳುತ್ತದೆ, ಸೀಳುತ್ತದೆ. ಕಾರಣವೇನು? ಮರದ ನಾರುಗಳು ಒಂದೇ ದಿಕ್ಕಿನಲ್ಲಿ ಸಾಗುತ್ತವೆ. ಹಸಿಮರ ಪೂರ್ತಿ ಒಣಗಿದಾಗ ಉದ್ದದಲ್ಲಿ ಕುಗ್ಗುವುದು ಶೇ. 0.1-0.2ರಷ್ಟು ಮಾತ್ರ. ವಾರ್ಷಿಕ ಉಂಗುರಗಳ ಗುಂಟ ಕುಗ್ಗುವುದು ಅದರ ಹತ್ತಾರು ಪಟ್ಟು; ತಿರುಳಿನಿಂದ ತೊಗಟೆಯತ್ತ ಕುಗ್ಗುವುದು ಇದರ ಸುಮಾರು ಅರ್ಧ. ಮೂರು ದಿಕ್ಕಿಗೆ ಮೂರು ಅಳತೆಯಾದರೆ ಹಲಗೆ ನೇರವಾಗಿ ಉಳಿಯುವುದು ಹೇಗೆ?

ಪದರಗಳನ್ನು ಅಡ್ಡಡ್ಡಲಾಗಿ ಜೋಡಿಸುವುದು ಇದಕ್ಕೆ ಮೊದಲ ಉಪಾಯ. ಇದು ಬಹಳ ಹಳೆಯದು. ಈಜಿಪ್ಟಿನ ಸಕ್ಕಾರಾದಲ್ಲಿ ದೊರೆತ ಸುಮಾರು 4,600 ವರ್ಷ ಹಿಂದಿನ ಶವಪೆಟ್ಟಿಗೆಯ ಹಲಗೆಯಲ್ಲಿ ಆರು ಪದರಗಳಿವೆ. ಒಂದರ ನಾರಿಗೆ ಇನ್ನೊಂದರ ನಾರು ಅಡ್ಡ. ಒಂದು ಪದರ ಕುಗ್ಗಲು ಹೊರಟರೆ ಪಕ್ಕದ ಪದರ ತಡೆಯುತ್ತದೆ. ಇಂದಿನ ಪ್ಲೈವುಡ್ಡಿನ ತತ್ತ್ವವೂ ಇದೇ. ಈಗ ಪದರಗಳು ಸಾಮಾನ್ಯವಾಗಿ ಬೆಸಸಂಖ್ಯೆಯಲ್ಲಿರುತ್ತವೆ. ನಡುಪದರದ ಎರಡೂ ಬದಿ ಸಮನಾಗಿದ್ದರೆ ಹಲಗೆ ಬಾಗುವುದಿಲ್ಲ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ 1962ರಲ್ಲಿ ಹುಟ್ಟಿದ ಪ್ಲೈವುಡ್ ಸಂಶೋಧನಾ ಸಂಸ್ಥೆ ಇದೇ ತತ್ತ್ವವನ್ನು ಬಿದಿರಿಗೂ ಒಗ್ಗಿಸಿ, ಹೆಣೆದ ಬಿದಿರು ಚಾಪೆಗಳನ್ನು ಒತ್ತಿ ಹಲಗೆ ಮಾಡುವ ವಿಧಾನವನ್ನು ರೂಪಿಸಿತು.

ಎರಡನೆಯ ಉಪಾಯ ದಿಕ್ಕನ್ನೇ ಅಳಿಸಿಬಿಡುವುದು. 1924ರಲ್ಲಿ ಅಮೆರಿಕದ ವಿಲಿಯಂ ಮೇಸನ್ ಮರದ ಚೂರುಗಳನ್ನು ಹೆಚ್ಚು ಒತ್ತಡದ ಹಬೆಯಲ್ಲಿಟ್ಟು, ಒತ್ತಡವನ್ನು ಥಟ್ಟನೆ ಇಳಿಸಿದ. ಚೂರುಗಳು ಸಿಡಿದು ನಾರಾದವು. ಆ ನಾರನ್ನು ಬಿಸಿಯಾಗಿ ಒತ್ತಿದಾಗ ಮರದಲ್ಲೇ ಇರುವ ಲಿಗ್ನಿನ್ ಅಂಟಿನ ಕೆಲಸ ಮಾಡಿತು. ಅದೇ ಹಾರ್ಡ್‌ಬೋರ್ಡ್. ನಾರು ಎಲ್ಲ ದಿಕ್ಕಿಗೂ ಹರಡಿರುವುದರಿಂದ ಹಲಗೆಯ ಅಗಲ, ಉದ್ದ ಎರಡರಲ್ಲೂ ಅದರ ನಡತೆ ಒಂದೇ. 1960ರ ದಶಕದಲ್ಲಿ ಬಂದ ಎಂಡಿಎಫ್ ಕೂಡ ನಾರಿನದೇ. ಅದರ ಅಂಚು ನಯ, ಕೊರೆಯಲು ಸುಲಭ. ಆದರೆ ನೀರು ತಾಗಿದರೆ ಊದುತ್ತದೆ. ಅದರ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ. ಇದು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿತು. ಎಂಡಿಎಫ್ ಅನ್ನು ತರಗತಿಯೊಳಗೆ ಗರಗಸದಿಂದ ಕೊಯ್ಯಬೇಡಿ. ಅದರ ಧೂಳು ಮಕ್ಕಳ ಉಸಿರಿಗೆ ಸೇರಬಾರದು. ಶಾಲಾ ಮಾದರಿಗಳಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಥರ್ಮೋಕೋಲನ್ನಂತೂ ಕೈಬಿಡಿ. ಅದು ಬೇಗ ಬೆಂಕಿ ಹಿಡಿಯುತ್ತದೆ. ಅಲಂಕಾರಕ್ಕಾಗಿ ಅದರ ಬಳಕೆಯನ್ನು 2022ರ ಜುಲೈನಿಂದ ದೇಶದಲ್ಲಿ ನಿಷೇಧಿಸಲಾಗಿದೆ.

ಇನ್ನು ಮೇಜಿನ ತಿರುವು. ಹಲಗೆಯ ಬಿಗುವು ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ಒಂದೇ ಜಾತಿಯ ಹಲಗೆಯಲ್ಲಿ 12 ಮಿ.ಮೀ. ದಪ್ಪದ್ದು 3 ಮಿ.ಮೀ. ದಪ್ಪದ್ದಕ್ಕಿಂತ 64 ಪಟ್ಟು ಬಿಗಿ. 300 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ಹೊರಮೈ ಹಿಗ್ಗುವ ಪ್ರಮಾಣವು ದಪ್ಪವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದಷ್ಟು. 3 ಮಿ.ಮೀ. ಹಲಗೆಗೆ ಇದು ಶೇ. 0.5, 12 ಮಿ.ಮೀ. ಹಲಗೆಗೆ ಶೇ. 2. ಒಣಮರ ಶೇ. 1ರ ಆಸುಪಾಸಿನಲ್ಲೇ ಸೀಳತೊಡಗುತ್ತದೆ. ಆದ್ದರಿಂದ ತಿರುವಿಗೆ 3 ಮಿ.ಮೀ. ಹಾರ್ಡ್‌ಬೋರ್ಡ್, ನೇರ ಭಾಗಕ್ಕೆ 6 ಮಿ.ಮೀ. ಪ್ಲೈವುಡ್ ಒಳ್ಳೆಯ ಆಯ್ಕೆ. ಬಣ್ಣವನ್ನು ಎರಡೂ ಮೈಗೆ ಬಳಿಯಿರಿ. ಒಂದೇ ಮೈಗೆ ಬಳಿದರೆ ಇನ್ನೊಂದು ಮೈ ಮಳೆಗಾಲದ ತೇವವನ್ನು ಹೆಚ್ಚು ಹೀರಿ ಹಿಗ್ಗುತ್ತದೆ, ಪಟ್ಟಿ ಬಾಗುತ್ತದೆ. ಎರಡು ಮೀಟರ್ ಪಟ್ಟಿ ಶೇ. 0.2ರಷ್ಟು ಹಿಗ್ಗಿದರೂ 4 ಮಿ.ಮೀ. ಆಯಿತು. ಜೋಡಣೆಗಳಲ್ಲಿ ಅಷ್ಟು ಸಂದು ಬಿಡಿ.

ಇದನ್ನೆಲ್ಲ ನಂಬುವ ಮೊದಲು ಪರೀಕ್ಷಿಸಿ. ನೀಲಗಿರಿ, ಪ್ಲೈವುಡ್, ಹಾರ್ಡ್‌ಬೋರ್ಡ್ ಮೂರರಿಂದಲೂ 300 ಮಿ.ಮೀ. ಉದ್ದ, 30 ಮಿ.ಮೀ. ಅಗಲದ ಪಟ್ಟಿಗಳನ್ನು ಮಾಡಿಸಿ. ತೂಗಿ, ಅಳೆದು, ಒದ್ದೆ ಬಟ್ಟೆಯಲ್ಲಿ ಒಂದು ರಾತ್ರಿ ಸುತ್ತಿಡಿ. ಬೆಳಿಗ್ಗೆ ಮತ್ತೆ ತೂಗಿ, ಅಳೆಯಿರಿ. ಸಪಾಟು ಮೇಜಿನ ಮೇಲಿಟ್ಟು ಬಾಗನ್ನೂ ಗುರುತಿಸಿ. ನಿಮ್ಮ ರೈಲಿಗೆ ತಕ್ಕ ಮುಂಪಟ್ಟಿ ಯಾವುದೆಂದು ಆ ಅಳತೆಗಳೇ ಹೇಳುತ್ತವೆ.