ವೇಗದೇವರ ನೈವೇದ್ಯ

ಓಟದ ಇತಿಹಾಸವನ್ನು ನಾವು ದಾಖಲೆಯ ಅಂಕಿಗಳಲ್ಲಿ ಓದುತ್ತೇವೆ. ಆ ಅಂಕಿಗಳ ಹಿಂದೆ ಸವೆದ ಹತಾರಗಳನ್ನು ನೋಡುವುದು ಕಡಿಮೆ. ನ್ಯೂಜಿಲೆಂಡಿನ ಇನ್ವರ್‌ಕಾರ್ಗಿಲ್ ಊರಿನ ಬರ್ಟ್ ಮನ್ರೊ ಅವರ ಶೆಡ್ಡನ್ನು ಈ ಕಾರಣಕ್ಕಾಗಿ ನೆನೆಯಬೇಕು.

1920ರಲ್ಲಿ ಅವರು ಕೊಂಡದ್ದು ‘ಇಂಡಿಯನ್ ಸ್ಕೌಟ್’ ಮೋಟಾರ್‌ಸೈಕಲ್. ಹೆಸರು ಕೇಳಿ ನಾವು ಹಿಗ್ಗಬೇಕಿಲ್ಲ, ಅದು ಅಮೆರಿಕದ್ದು. 600 ಸಿಸಿ ಎಂಜಿನ್; ವೇಗ ಗಂಟೆಗೆ ಸುಮಾರು 55 ಮೈಲಿ. ಮನ್ರೊ ಬಯಸಿದ ವೇಗ ತಡೆಯುವ ಬಿಡಿಭಾಗಗಳು ಅಂಗಡಿಯಲ್ಲಿ ಸಿಗುವಂತಿರಲಿಲ್ಲ, ಕೈಯಲ್ಲಿ ಹಣವೂ ಇರಲಿಲ್ಲ. ಹಗಲು ಮೋಟಾರ್‌ಸೈಕಲ್ ಮಾರುತ್ತಿದ್ದ ಅವರು ರಾತ್ರಿ ಹಳೆಯ ಡಬ್ಬಿಗಳನ್ನೇ ಅಚ್ಚಾಗಿಸಿ ಪಿಸ್ಟನ್ ಎರಕ ಹೊಯ್ದರು. ಸಿಲಿಂಡರ್, ಫ್ಲೈವೀಲುಗಳನ್ನೂ ತಾವೇ ಮಾಡಿಕೊಂಡರು. ಚಕ್ರದ ಹಳೆಯ ಸ್ಪೋಕ್ ಕಡ್ಡಿಯೇ ಅವರ ಮೈಕ್ರೊಮೀಟರ್.

ಎರಕದ ಭಾಗಗಳು ಮತ್ತೆ ಮತ್ತೆ ಸಿಡಿದವು. ಅವನ್ನು ಎಸೆಯದೆ ಕಪಾಟಿನಲ್ಲಿ ಜೋಡಿಸಿ, ‘ವೇಗದೇವರಿಗೆ ನೈವೇದ್ಯ’ ಎಂಬರ್ಥದ ಬರಹ ಹಾಕಿದರು. ಯಾವ ಭಾಗ ಎಲ್ಲಿ ಸೋತಿತೆಂಬುದಕ್ಕೆ ಆ ಸಾಲೇ ಸಾಕ್ಷಿ.

1967ರ ಆಗಸ್ಟಿನಲ್ಲಿ, 68ರ ವಯಸ್ಸಿನಲ್ಲಿ, ಅಮೆರಿಕದ ಬಾನ್‌ವಿಲ್ ಉಪ್ಪುಬಯಲಿನಲ್ಲಿ ಅವರು 1000 ಸಿಸಿಯೊಳಗಿನ ವರ್ಗದ ದಾಖಲೆ ಬರೆದರು: ಗಂಟೆಗೆ 183.59 ಮೈಲಿ. ಯಂತ್ರ ಅದೇ, ಎಂಜಿನ್ ಮಾತ್ರ 950 ಸಿಸಿಗೆ ಹಿಗ್ಗಿತ್ತು.

1978ರಲ್ಲಿ ಮನ್ರೊ ತೀರಿಕೊಂಡರು. ಅಂದಿನ ಲೆಕ್ಕದಲ್ಲೊಂದು ತಪ್ಪಿರುವುದನ್ನು ಅವರ ಮಗ ಮುಂದೆ ಗುರುತಿಸಿದರು. 2014ರಲ್ಲಿ ದಾಖಲೆಯನ್ನು 184.087 ಎಂದು ತಿದ್ದಲಾಯಿತು. ಸ್ಪೋಕ್ ಕಡ್ಡಿಯಿಂದ ಅಳೆದು ಮಾಡಿದ ಎಂಜಿನ್ ಅಂದು ತಪ್ಪಿರಲಿಲ್ಲ. ತಪ್ಪಿದ್ದು ಕಾಗದದ ಲೆಕ್ಕ. ಅದನ್ನು ಸರಿಪಡಿಸಲು ನಮ್ಮ ಲೋಕಕ್ಕೆ 47 ವರ್ಷ ಬೇಕಾಯಿತು.